ಹೊಸ ಲ್ಯಾಪ್‌ಟಾಪ್ ತಾನಾಗಿಯೇ ಬಂದ್ ಆಗುತ್ತಿದ್ದರೆ

ತಂದು ವಾರವೂ ಆಗದ ಲ್ಯಾಪ್‌ಟಾಪ್ ಕೆಲಸದ ನಡುವೆ ಬಂದ್ ಬಿದ್ದರೆ ಮೊದಲು ಸಿಗುವ ಸಲಹೆ ಒಂದೇ: "ವಿಂಡೋಸ್ ಕೆಟ್ಟಿರ್ತದ್ರಿ, ಫಾರ್ಮ್ಯಾಟ್ ಹೊಡೀರಿ." ಹೊಡೆಯಬೇಡಿ. ಯಂತ್ರ ಯಾವಾಗ, ಹೇಗೆ ಬಂದ್ ಆಯಿತೆಂಬ ದಾಖಲೆ ವಿಂಡೋಸ್ ಒಳಗೇ ಇರುತ್ತದೆ. ಫಾರ್ಮ್ಯಾಟ್ ಮಾಡಿದರೆ ಅದು ಅಳಿಸಿಹೋಗುತ್ತದೆ, ಬದಲಿ ಕೊಡುವ ಗಡುವಿನಲ್ಲಿ ಒಂದೆರಡು ದಿನವೂ ಸುಮ್ಮನೆ ಕಳೆಯುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ್ದರೆ ಆ ಗಡುವು ಬೆರಳೆಣಿಕೆಯ ದಿನಗಳದ್ದು. ಆದ್ದರಿಂದ ಮೊದಲ ಕೆಲಸ ಬಿಲ್ಲಿನ ತಾರೀಖು ನೋಡುವುದು. ಎರಡನೆಯದು ಡಬ್ಬಿ, ಥರ್ಮಾಕೋಲ್, ಅಡಾಪ್ಟರ್ ಎಲ್ಲ ಜೋಪಾನ ಮಾಡುವುದು. ಹಿಂದಿನ ಮುಚ್ಚಳವನ್ನು ಯಾರಿಂದಲೂ ಬಿಚ್ಚಿಸಬೇಡಿ. ತಿರುಪಿನ ತಲೆ ಸವೆದಿದ್ದರೆ ನಾಳೆ ಕಂಪನಿಯವರು ಮೊದಲು ಬೆರಳು ತೋರಿಸುವುದು ಅಲ್ಲಿಗೇ.

ಹೇಗೆ ಬಂದ್ ಆಗುತ್ತದೆ?

"ಬಂದ್ ಆಗುತ್ತದೆ" ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ರೋಗಗಳಿವೆ, ಒಂದರ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಪರದೆ, ಫ್ಯಾನು, ದೀಪ ಎಲ್ಲವೂ ಫ್ಯೂಸ್ ಕಿತ್ತಂತೆ ಒಮ್ಮೆಲೇ ಆರಿದರೆ ಸಂಶಯ ಬ್ಯಾಟರಿ, ಅಡಾಪ್ಟರ್, ಮದರ್‌ಬೋರ್ಡ್ ಅಥವಾ ವಿಪರೀತ ಬಿಸಿಯ ಮೇಲೆ. "ಶಟ್ಟಿಂಗ್ ಡೌನ್" ಅಥವಾ "ರಿಸ್ಟಾರ್ಟಿಂಗ್" ಎಂದು ತೋರಿಸಿ ನಿಂತರೆ ವಿಂಡೋಸ್‌ಗೆ ಯಾರೋ ಹಾಗೆ ಆದೇಶ ಕೊಟ್ಟಿದ್ದಾರೆ, ಹೆಚ್ಚಾಗಿ ಅಪ್‌ಡೇಟ್. ನೀಲಿ ಪರದೆ ಬಂದು ಸ್ಟಾಪ್ ಕೋಡ್ ಕಂಡರೆ (ಈಚಿನ ವಿಂಡೋಸ್ 11ರಲ್ಲಿ ಆ ಪರದೆ ಕಪ್ಪಾಗಿದೆ) ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಪ್ರೋಗ್ರಾಂ), ರ‍್ಯಾಮ್ (ಕೆಲಸದ ಮೆಮೊರಿ) ಅಥವಾ ಎಸ್‌ಎಸ್‌ಡಿಯ (ಫೈಲುಗಳಿರುವ ಡಿಸ್ಕ್) ಕಡೆ ನೋಡಬೇಕು. ನಾಲ್ಕನೆಯದು ಬಂದ್ ಆಗುವುದೇ ಅಲ್ಲ, ಬರೀ ನಿದ್ದೆ. ಮತ್ತೆ ಚಾಲೂ ಮಾಡಿದಾಗ ಮೊದಲು ತೆರೆದಿದ್ದ ಫೈಲು, ಬ್ರೌಸರ್ ಹಾಗೆಯೇ ಇದ್ದರೆ ಲ್ಯಾಪ್‌ಟಾಪ್ ಸ್ಲೀಪ್‌ಗೋ ಹೈಬರ್ನೇಟ್‌ಗೋ ಹೋಗಿತ್ತು ಎಂದರ್ಥ.

ಈ ನಾಲ್ಕನೆಯದನ್ನೇ ಮೊದಲು ನೋಡಿ, ಕಾಸು ಖರ್ಚಿಲ್ಲದ ಕೆಲಸ. ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಅಂಡ್ ಬ್ಯಾಟರಿಗೆ ಹೋಗಿ ಎಷ್ಟು ನಿಮಿಷಕ್ಕೆ ಸ್ಲೀಪ್ ಎಂದಿದೆ, ಮುಚ್ಚಳ ಹಾಕಿದರೆ ಏನಾಗಬೇಕೆಂದಿದೆ ಎಂದು ನೋಡಿ. ಮುಚ್ಚಳ ಹಾಕಿದ್ದನ್ನು ಲ್ಯಾಪ್‌ಟಾಪ್ ತಿಳಿಯುವುದು ಅಯಸ್ಕಾಂತದಿಂದ. ಪರದೆಯ ಅಂಚಿನಲ್ಲಿ ಚಿಕ್ಕ ಅಯಸ್ಕಾಂತ, ಕೀಬೋರ್ಡಿನ ಕೆಳಗೆ ಅದನ್ನು ಗುರುತಿಸುವ ಸೆನ್ಸರ್. ಹೀಗಾಗಿ ಅಯಸ್ಕಾಂತದ ಮೊಬೈಲ್ ಕವರನ್ನು ಕೈ ಇಡುವ ಜಾಗದಲ್ಲಿಟ್ಟರೆ, ಅಯಸ್ಕಾಂತದ ಕೊಂಡಿಯ ವಾಚ್ ಪಟ್ಟಿ ಕಟ್ಟಿಕೊಂಡು ಟೈಪ್ ಮಾಡಿದರೆ, ಇನ್ನೊಂದು ಲ್ಯಾಪ್‌ಟಾಪಿನ ಮೇಲೆ ಇದನ್ನಿಟ್ಟರೆ, ಯಂತ್ರ ಮುಚ್ಚಳ ಹಾಕಿದರೆಂದು ತಿಳಿದು ಮಲಗಿಬಿಡುತ್ತದೆ. ಕೇಳಿದವರು ನಗಬಹುದು, ಆದರೂ ಅವನ್ನೆಲ್ಲ ದೂರವಿಟ್ಟು ಒಂದು ದಿನ ಕೆಲಸ ಮಾಡಿ ನೋಡಿ.

ದಾಖಲೆ ಓದುವುದು

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಈವೆಂಟ್ ವ್ಯೂವರ್ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಬಲಗಡೆ ಫಿಲ್ಟರ್ ಕರೆಂಟ್ ಲಾಗ್ ಒತ್ತಿ, ಈವೆಂಟ್ ಐಡಿ ಕೇಳುವ ಜಾಗದಲ್ಲಿ 41,42,86,506,1001,1074,6008 ಎಂದು ಅಲ್ಪವಿರಾಮ ಹಾಕಿ ಬರೆಯಿರಿ. ಈಗ ಬಂದ್ ಆದ ಹೊತ್ತಿಗೆ ಯಾವ ನಂಬರ್ ಇದೆ ನೋಡಿ.

1074 ಇದ್ದರೆ ಯಾವ ಪ್ರೋಗ್ರಾಂ ಬಂದ್ ಮಾಡಿಸಿತು ಎಂಬುದೂ ಅದರಲ್ಲೇ ಬರೆದಿರುತ್ತದೆ. ಕೆಟ್ಟದ್ದೇನೂ ಇಲ್ಲ, ವಿಂಡೋಸ್ ಅಪ್‌ಡೇಟ್‌ನ ಆಕ್ಟಿವ್ ಅವರ್ಸ್ ಅನ್ನು ನಿಮ್ಮ ಕೆಲಸದ ವೇಳೆಗೆ ಹೊಂದಿಸಿ, ಬಾಕಿ ಇರುವ ಅಪ್‌ಡೇಟ್ ಎಲ್ಲ ಒಂದು ರಾತ್ರಿ ಮುಗಿಸಿಬಿಡಿ. 42 ಅಥವಾ 506 ಇದ್ದರೆ ನಿದ್ದೆ. 86 ಇದ್ದರೆ, ಅದರ ಮೂಲ (ಸೋರ್ಸ್) ಕರ್ನಲ್-ಪವರ್ ಎಂದೇ ಇದ್ದಲ್ಲಿ, ಬಿಸಿ ಮಿತಿ ಮೀರಿ ಯಂತ್ರ ತನ್ನನ್ನು ತಾನೇ ಉಳಿಸಿಕೊಂಡಿದೆ. 1001 ಇದ್ದು ಮೂಲ ಬಗ್‌ಚೆಕ್ ಎಂದಿದ್ದರೆ ನೀಲಿ ಪರದೆ ಬಂದಿತ್ತು ಎಂದರ್ಥ. 6008 ಎಂದರೆ ಹಿಂದಿನ ಸಲ ಸರಿಯಾಗಿ ಬಂದ್ ಆಗಿರಲಿಲ್ಲ ಎಂಬ ಷರಾ ಅಷ್ಟೇ.

ಎಲ್ಲರೂ ಹೆದರುವುದು 41ಕ್ಕೆ. ಕೆಂಪು ಗುರುತು, ಕ್ರಿಟಿಕಲ್ ಎಂಬ ಪದ. ಆದರೆ 41 ಕಾರಣವನ್ನು ಹೇಳುವುದಿಲ್ಲ. ಮತ್ತೆ ಚಾಲೂ ಆದ ಮೇಲೆ, "ಹಿಂದಿನ ಸಲ ನಡುವೆಯೇ ಹೋಯಿತು" ಎಂದು ವಿಂಡೋಸ್ ಬರೆದಿಟ್ಟ ಟಿಪ್ಪಣಿ ಅದು. ಕಾರಣದ ಸುಳಿವು ಅದರ ಡೀಟೇಲ್ಸ್ ಪುಟದಲ್ಲಿದೆ. ಬಗ್‌ಚೆಕ್‌ಕೋಡ್ ಸೊನ್ನೆ, ಪವರ್‌ಬಟನ್‌ಟೈಮ್‌ಸ್ಟ್ಯಾಂಪ್ ಕೂಡ ಸೊನ್ನೆ ಇದ್ದರೆ ವಿದ್ಯುತ್ತೇ ಕಡಿದುಹೋಗಿರಬೇಕು ಇಲ್ಲವೇ ಯಂತ್ರ ಪೂರ್ತಿ ಸೆಟೆದು ನಿಂತಿರಬೇಕು. ಎರಡನೆಯದು ಸೊನ್ನೆ ಅಲ್ಲದಿದ್ದರೆ ಯಾರೋ ಪವರ್ ಬಟನ್ ಒತ್ತಿ ಹಿಡಿದಿದ್ದಾರೆ, ಮನೆಯ ಮಕ್ಕಳನ್ನು ಒಮ್ಮೆ ವಿಚಾರಿಸಿ. ಬಗ್‌ಚೆಕ್‌ಕೋಡ್‌ನಲ್ಲಿ ಅಂಕಿ ಇದ್ದರೆ ಅದು ದಶಮಾಂಶದಲ್ಲಿರುತ್ತದೆ: 159 ಎಂದರೆ ಯಾವುದೋ ಡ್ರೈವರ್ ನಿದ್ದೆ-ಎಚ್ಚರದ ನಡುವೆ ಸಿಕ್ಕಿಕೊಂಡಿದೆ, 307 ಎಂದರೆ ಡ್ರೈವರ್ ಅಥವಾ ಎಸ್‌ಎಸ್‌ಡಿ ಹೊತ್ತಿಗೆ ಸರಿಯಾಗಿ ಉತ್ತರ ಕೊಟ್ಟಿಲ್ಲ, 26 ಇದ್ದರೆ ರ‍್ಯಾಮ್ ಮೇಲೆ ಕಣ್ಣಿಡಿ, 292 ಇದ್ದರೆ ಹಾರ್ಡ್‌ವೇರ್ ತಾನೇ ದೋಷ ವರದಿ ಮಾಡಿದೆ. ಎಲ್ಲದರ ಫೋಟೊ ತೆಗೆದಿಡಿ.

ಕರೆಂಟ್, ಅಡಾಪ್ಟರ್, ಬ್ಯಾಟರಿ

ನಮ್ಮ ಕಡೆ ಏನೇ ಕೆಟ್ಟರೂ ಬೈಗುಳ ಹೆಸ್ಕಾಂಗೆ. ಇಲ್ಲಿ ಮಾತ್ರ ಸ್ವಲ್ಪ ತಡೆಯಿರಿ. ಅಡಾಪ್ಟರ್ ಮೇಲಿನ ಚೀಟಿ ಓದಿ: ಇನ್‌ಪುಟ್ 100-240 ವೋಲ್ಟ್ ಎಂದಿರುತ್ತದೆ. ಪಂಪ್‌ಸೆಟ್ ಚಾಲೂ ಆದಾಗ ಬಲ್ಬು ಮಂಕಾಗುವಷ್ಟು ವೋಲ್ಟೇಜ್ ಇಳಿದರೂ ಅಡಾಪ್ಟರ್ ತಡೆದುಕೊಳ್ಳುತ್ತದೆ. ಕರೆಂಟ್ ಪೂರ್ತಿ ಹೋದರೂ ಒಳಗೆ ಬ್ಯಾಟರಿ ಇದೆ. ಕರೆಂಟ್ ಹೋದ ಕ್ಷಣವೇ ಲ್ಯಾಪ್‌ಟಾಪ್ ಬಂದ್ ಆಗುತ್ತದೆಂದರೆ ಬ್ಯಾಟರಿ ಭಾರ ಹೊರುತ್ತಿಲ್ಲ. ಹೊಸ ಯಂತ್ರದಲ್ಲಿ ಅದು ನೇರವಾಗಿ ವಾರಂಟಿಯ ವಿಷಯ.

ಪರೀಕ್ಷೆ ಹೀಗೆ ಮಾಡಿ. ಶೇ. 70ರಷ್ಟು ಚಾರ್ಜ್ ಇರುವಾಗ ಅಡಾಪ್ಟರ್ ಕಿತ್ತು, ಬರೀ ಬ್ಯಾಟರಿಯಲ್ಲಿ ಶೇ. 30ರವರೆಗೆ ಬಳಸಿ. ಆಮೇಲೆ ಅಡಾಪ್ಟರ್ ಹಾಕಿ ಅಷ್ಟೇ ಹೊತ್ತು ಬಳಸಿ. ಬ್ಯಾಟರಿಯಲ್ಲಿ ಮಾತ್ರ ಬಂದ್ ಆದರೆ ದೋಷ ಬ್ಯಾಟರಿಯದು ಅಥವಾ ಅದರ ಕನೆಕ್ಟರಿನದು, ಶೇ. 40 ಇದ್ದದ್ದು ಒಮ್ಮೆಲೇ ಸೊನ್ನೆಗೆ ಜಿಗಿದರಂತೂ ಸಂಶಯವೇ ಬೇಡ. ಅಡಾಪ್ಟರಿನಲ್ಲಿ ಮಾತ್ರ ಆದರೆ ಅಡಾಪ್ಟರ್, ಪಿನ್ ಅಥವಾ ಸಾಕೆಟ್. ಎರಡರಲ್ಲೂ ಆದರೆ ಬಿಸಿ, ರ‍್ಯಾಮ್, ಬೋರ್ಡ್.

ಅಡಾಪ್ಟರ್ ಡಬ್ಬಿಯಲ್ಲಿ ಬಂದದ್ದೇ ಆಗಿರಲಿ. ಟೈಪ್-ಸಿ ತೂತು ಇದೆಯೆಂದು ಮೊಬೈಲ್ ಚಾರ್ಜರ್ ಚುಚ್ಚುವವರು ಬಹಳ. 65 ವ್ಯಾಟ್ ಬೇಡುವ ಲ್ಯಾಪ್‌ಟಾಪಿಗೆ 20 ವೋಲ್ಟ್, 3.25 ಆಂಪಿಯರ್ ಬೇಕು. ಹೆಚ್ಚಿನ ಮೊಬೈಲ್ ಚಾರ್ಜರ್‌ಗಳು ಅಷ್ಟು ಕೊಡಲಾರವು. ಪರದೆಯಲ್ಲಿ ಚಾರ್ಜ್ ಆಗುತ್ತಿರುವ ಗುರುತು ಕಾಣುತ್ತಲೇ ಬ್ಯಾಟರಿ ಒಳಗೊಳಗೇ ಇಳಿದು, ಸಾಮಾನ್ಯವಾಗಿ ಶೇ. 5ರ ಸುಮಾರಿಗೆ ಯಂತ್ರ ಹೈಬರ್ನೇಟ್‌ಗೆ ಹೋಗುತ್ತದೆ. ಮಲ್ಟಿಪ್ಲಗ್, ಸಡಿಲ ಸಾಕೆಟ್, ಇನ್ವರ್ಟರ್ ಲೈನ್ ಬಿಟ್ಟು ಗೋಡೆಯ ಬೇರೊಂದು ಮೂರು ಪಿನ್ನಿನ ಸಾಕೆಟ್‌ನಲ್ಲಿ ನೇರವಾಗಿ ಹಾಕಿ ನೋಡಿ. ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲದಿರಬಹುದು. ವಿಜಯಪುರ, ಬಾಗಲಕೋಟೆಯ ಬೇಸಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಹೋಗುವುದು ಹೊಸದಲ್ಲ. ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್‌ಗೆ ಹೇಳಿ ಫೇಸ್‌ಗೂ ಅರ್ಥ್‌ಗೂ ನಡುವೆ 230ರ ಆಸುಪಾಸು ವೋಲ್ಟ್ ಬರುತ್ತದೆಯೇ ಅಳೆಸಿ.

ಬ್ಯಾಟರಿಯ ಜಾತಕ ವಿಂಡೋಸ್‌ನಲ್ಲೇ ಸಿಗುತ್ತದೆ. ಟರ್ಮಿನಲ್ ತೆರೆದು ಇಂಗ್ಲಿಷಿನಲ್ಲಿ ಪವರ್‌ಸಿಎಫ್‌ಜಿ ಎಂದು ಕೂಡಿಸಿ ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಅದಕ್ಕೇ ಅಂಟಿಸಿ ಬ್ಯಾಟರಿರಿಪೋರ್ಟ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ವರದಿ ಎಲ್ಲಿ ಉಳಿಯಿತೆಂದು ಅದೇ ತೋರಿಸುತ್ತದೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಎರಡನ್ನೂ ಹೋಲಿಸಿ. ಹೊಸದರಲ್ಲಿ ಇವೆರಡೂ ಹತ್ತಿರ ಹತ್ತಿರ ಇರಬೇಕು. ಎರಡನೆಯದು ಮೊದಲನೆಯದರ ಶೇ. 80ಕ್ಕಿಂತ ಕೆಳಗಿದ್ದರೆ ಬದಲಿ ಕೇಳಿ. ಚಾರ್ಜ್ ಶೇ. 80ಕ್ಕೇ ನಿಲ್ಲುವುದು ಬೇರೆ ಮಾತು. ಅದು ಬ್ಯಾಟರಿ ಆಯುಷ್ಯಕ್ಕಾಗಿ ಕಂಪನಿಯ ಆ್ಯಪ್ ಹಾಕಿದ ಮಿತಿ, ದೋಷವಲ್ಲ.

ಬಿಸಿ

ಲ್ಯಾಪ್‌ಟಾಪ್ ಕೈಪಿಡಿಗಳಲ್ಲಿ ಬಳಸುವ ಜಾಗದ ಉಷ್ಣತೆ ಸಾಮಾನ್ಯವಾಗಿ 35 ಡಿಗ್ರಿವರೆಗೆ ಎಂದಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ದಾಟುತ್ತದೆ, ಪತ್ರಾಸಿನ ಮಾಡಿನ ಕೆಳಗೆ ಅದಕ್ಕೂ ಹೆಚ್ಚು. ಹಾಗೆಂದು ಬಿಸಿಲೊಂದೇ ಹೊಸ ಲ್ಯಾಪ್‌ಟಾಪನ್ನು ಬಂದ್ ಮಾಡುವುದಿಲ್ಲ. ಪ್ರೊಸೆಸರ್ 95-100 ಡಿಗ್ರಿ ಮುಟ್ಟಿದಾಗ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಆಗಲೂ ತಣ್ಣಗಾಗದಿದ್ದರೆ ಮಾತ್ರ ಕಡಿತ. ಅಂದರೆ ಒಂದೋ ಗಾಳಿಯ ದಾರಿ ಮುಚ್ಚಿದೆ, ಇಲ್ಲವೇ ಫ್ಯಾನ್ ತಿರುಗುತ್ತಿಲ್ಲ, ಇಲ್ಲವೇ ಹೀಟ್‌ಸಿಂಕ್ (ಪ್ರೊಸೆಸರಿನ ಬಿಸಿ ಹೀರುವ ಲೋಹದ ಭಾಗ) ಸರಿಯಾಗಿ ಕೂತಿಲ್ಲ. ಮೊದಲನೆಯದು ನಿಮ್ಮ ಕೈಯಲ್ಲಿದೆ: ಗಾಳಿ ಒಳಹೋಗುವ ಕಂಡಿ ಹೊಟ್ಟೆಯ ಕೆಳಗಿರುತ್ತದೆ, ಕೌದಿ ಮೇಲಿಟ್ಟರೆ ಅದು ಪೂರ್ತಿ ಮುಚ್ಚಿಹೋಗುತ್ತದೆ.

ಗಟ್ಟಿ ಮೇಜಿನ ಮೇಲಿಟ್ಟು, ಹಿಂಭಾಗವನ್ನು ಒಂದು ಅಂಗುಲ ಎತ್ತರಿಸಿ, ಎಚ್‌ಡಬ್ಲ್ಯೂ-ಇನ್ಫೊದಂಥ ಉಚಿತ ಪ್ರೋಗ್ರಾಂ ತೆರೆದು, 20 ನಿಮಿಷ ಆಟವನ್ನೋ ವಿಡಿಯೊ ಎಡಿಟಿಂಗನ್ನೋ ನಡೆಸಿ. ಭಾರದ ಕೆಲಸದಲ್ಲಿ 80-95 ಡಿಗ್ರಿ ಕಂಡರೆ ಗಾಬರಿ ಬೇಡ. ಏನೂ ಮಾಡದೆ ಸುಮ್ಮನಿದ್ದಾಗಲೇ 85 ಇದ್ದರೆ, ಅಥವಾ 95 ದಾಟಿದರೂ ಫ್ಯಾನಿನ ಸದ್ದಿಲ್ಲದಿದ್ದರೆ, ತಂಪು ಮಾಡುವ ಭಾಗವೇ ಕೆಟ್ಟಿದೆ. ಫ್ಯಾನ್ ಇಲ್ಲದ ಮಾದರಿಗಳೂ ಇವೆ, ನಿಮ್ಮದು ಅಂಥದ್ದೋ ಅಲ್ಲವೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಏರ್‌ಕೂಲರ್ ಎದುರಿಗೆ ಇಡುವುದು ಬೇಡ. ಅದು ಊದುವ ಗಾಳಿಯಲ್ಲಿ ತೇವವಿದೆ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನ ಹತ್ತಿನೂಲಿನ ಧೂಳು, ಇಳಕಲ್ಲಿನ ಕಲ್ಲುಕಟಿಂಗಿನ ಪುಡಿ ಇರುವ ಕಡೆ ಹೊಸ ಫ್ಯಾನೂ ಬೇಗ ಕಟ್ಟಿಕೊಳ್ಳುತ್ತದೆ. ಅಂಥ ಜಾಗದಲ್ಲಿ ಲೆಕ್ಕ ಬರೆಯುವ ಲ್ಯಾಪ್‌ಟಾಪ್ ಕೋಣೆಯೊಳಗೇ ಇರಲಿ.

ವಿಂಡೋಸ್ ದೋಷವೇ, ಯಂತ್ರದ ದೋಷವೇ?

ಇದನ್ನು ತೀರ್ಮಾನಿಸಲು ಸುಲಭದ ಪರೀಕ್ಷೆ ಬಯಾಸ್ ಪರದೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ, ಯಂತ್ರದ ಸ್ವಂತ ಸೆಟ್ಟಿಂಗ್ಸ್ ಪರದೆ. ಚಾಲೂ ಮಾಡುವಾಗ ಡೆಲ್, ಏಸರ್, ಏಸಸ್‌ಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದ ಹೆಚ್ಚಿನವುಗಳಲ್ಲಿ ಎಫ್2, ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಒತ್ತುತ್ತಿರಿ. ಒಳಗೆ ಏನನ್ನೂ ಬದಲಿಸದೆ ಅರ್ಧ ಗಂಟೆ ಹಾಗೆಯೇ ಬಿಡಿ. ಅಲ್ಲಿಯೂ ಬಂದ್ ಆದರೆ ವಿಂಡೋಸ್ ನಿರಪರಾಧಿ. ಈ ಅರ್ಧ ಗಂಟೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರೆ ಸರ್ವಿಸ್ ಸೆಂಟರಿನವರ "ಸಾಫ್ಟ್‌ವೇರ್ ಪ್ರಾಬ್ಲೆಮ್" ಎಂಬ ಮಾತಿಗೆ ಉತ್ತರ ಸಿದ್ಧ. ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್2 ಒತ್ತಿದರೆ ಕಂಪನಿಯದೇ ತಪಾಸಣೆ ಸಿಗುತ್ತದೆ. ದೋಷ ಕಂಡರೆ ಒಂದು ಕೋಡ್ ಕೊಡುತ್ತದೆ, ಬರೆದುಕೊಳ್ಳಿ.

ಅಂಗಡಿಯವರು ಕೊಡುವಾಗಲೇ 8 ಜಿಬಿಗೆ ಇನ್ನೊಂದು ರ‍್ಯಾಮ್ ಕಡ್ಡಿ ಸೇರಿಸಿ 16 ಮಾಡಿಕೊಟ್ಟಿದ್ದರೆ ಮೊದಲ ಗುಮಾನಿ ಅದರ ಮೇಲೆ. ಅವರ ಎದುರಿಗೇ ಅದನ್ನು ತೆಗೆಸಿ, ಮೂಲ ರ‍್ಯಾಮಿನಲ್ಲಿ ಎರಡು ದಿನ ನಡೆಸಿ. ಸ್ಟಾರ್ಟ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಹುಡುಕಿ ನಡೆಸಬಹುದು, ಆದರೆ ಅದು ಪಾಸ್ ಎಂದ ಮಾತ್ರಕ್ಕೆ ರ‍್ಯಾಮ್ ಸರಿಯಿದೆ ಎಂದು ನಂಬಬೇಡಿ.

ಬಯಾಸ್ ಪರದೆಯಲ್ಲಿ ಬಂದ್ ಆಗದೆ, ವಿಂಡೋಸ್‌ನಲ್ಲಿ ಮಾತ್ರ ಬಂದ್ ಆಗುತ್ತಿದ್ದರೆ ಚಿಪ್‌ಸೆಟ್, ಗ್ರಾಫಿಕ್ಸ್, ವೈಫೈ ಡ್ರೈವರ್‌ಗಳನ್ನು ಕಂಪನಿಯ ಜಾಲತಾಣದಿಂದಲೇ ಹಾಕಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದು ಪೂರ್ತಿ ಶಟ್‌ಡೌನ್ ಮಾಡಿ ನೋಡಿ. ಬಯಾಸ್ ಅಪ್‌ಡೇಟ್ ವಿಷಯದಲ್ಲಿ ಮಾತ್ರ ಎಚ್ಚರ. ಯೂಟ್ಯೂಬಿನಲ್ಲಿ ಎಲ್ಲರೂ ಹೇಳುವ ಉಪಾಯ ಅದು, ಆದರೆ ಫ್ಯೂಸ್ ಕಿತ್ತಂತೆ ಬಂದ್ ಆಗುವ ಯಂತ್ರದಲ್ಲಿ ಬಯಾಸ್ ಬರೆಯುವ ನಡುವೆ ವಿದ್ಯುತ್ ಹೋದರೆ ಬೋರ್ಡೇ ಸತ್ತುಹೋಗಬಹುದು. ಅಂಥ ಸ್ಥಿತಿಯಲ್ಲಿ ಅದನ್ನು ಸರ್ವಿಸ್‌ನವರಿಗೇ ಬಿಡಿ. ಉಳಿದವರು ಅಡಾಪ್ಟರ್ ಹಾಕಿ, ಬ್ಯಾಟರಿ ಅರ್ಧಕ್ಕಿಂತ ಮೇಲಿದ್ದಾಗ ಮಾಡಿ. ಅದಕ್ಕೂ ಮೊದಲು ಮೈಕ್ರೋಸಾಫ್ಟ್ ಖಾತೆಯಲ್ಲಿ ಬಿಟ್‌ಲಾಕರ್ ರಿಕವರಿ ಕೀ ಇದೆಯೇ ನೋಡಿ ಬರೆದಿಟ್ಟುಕೊಳ್ಳಿ. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಡಿಸ್ಕ್‌ಗೆ ತಾನಾಗಿಯೇ ಬೀಗ ಬಿದ್ದಿರುತ್ತದೆ. ಬಯಾಸ್ ಅಪ್‌ಡೇಟ್ ಆದ ಮೇಲೆ ಯಂತ್ರ ಕೇಳಿದಾಗ 48 ಅಂಕಿಯ ಆ ಕೀ ಇಲ್ಲದಿದ್ದರೆ ಒಳಗಿನ ಫೈಲುಗಳ ಆಸೆ ಬಿಡಬೇಕು.

ಕೊಂಡೊಯ್ಯುವಾಗ

ಸಿಂದಗಿ, ಇಂಡಿ, ಹುನಗುಂದ, ರಾಮದುರ್ಗದಂಥ ಊರಿನವರು ಬಸ್ಸು ಹತ್ತುವ ಮೊದಲು ಕಂಪನಿಗೆ ಫೋನ್ ಮಾಡಿ, ಸೀರಿಯಲ್ ನಂಬರ್ ಮತ್ತು ಪಿನ್‌ಕೋಡ್ ಹೇಳಿ, ವಾರಂಟಿ ಆನ್‌ಸೈಟೋ ಕ್ಯಾರಿ-ಇನ್ನೋ ಕೇಳಿ. ಆನ್‌ಸೈಟ್ ಇದ್ದರೆ ಇಂಜಿನಿಯರ್ ಮನೆಗೇ ಬರಬೇಕು, ಕ್ಯಾರಿ-ಇನ್ ಇದ್ದರೆ ನೀವೇ ಒಯ್ಯಬೇಕು. ಬದಲಿ ಗಡುವು ಇನ್ನೂ ಇದ್ದರೆ ರಿಪೇರಿಗೆ ಒಪ್ಪುವ ಮೊದಲು ಮಾರಿದವರಲ್ಲಿ ಬದಲಿ ಕೋರಿಕೆ ದಾಖಲಿಸಿ. ಕೆಲವು ಕಡೆ ಅದಕ್ಕೆ ಕಂಪನಿಯ ಸರ್ವಿಸ್ ಸೆಂಟರಿನ ಪತ್ರ ಕೇಳುತ್ತಾರೆ.

ಒಂದು ಹಾಳೆಯಲ್ಲಿ ತಾರೀಖು, ವೇಳೆ, ಬ್ಯಾಟರಿ ಶೇಕಡಾ, ಅಡಾಪ್ಟರ್ ಇತ್ತೋ ಇಲ್ಲವೋ, ಆಗ ನಡೆಯುತ್ತಿದ್ದ ಕೆಲಸ ಬರೆದು ಒಯ್ಯಿರಿ. ಆಗೊಮ್ಮೆ ಈಗೊಮ್ಮೆ ಬಂದ್ ಆಗುವ ಯಂತ್ರ ಸರ್ವಿಸ್ ಮೇಜಿನ ಮೇಲೆ ಸಭ್ಯವಾಗಿ ಕೂತಿರುತ್ತದೆ, "ನೋ ಫಾಲ್ಟ್ ಫೌಂಡ್" ಎಂದು ಬರೆದು ವಾಪಸ್ ಕೊಡುತ್ತಾರೆ. ಜಾಬ್ ಶೀಟ್‌ನಲ್ಲಿ "ಡಸ್ ನಾಟ್ ವರ್ಕ್" ಎಂದಷ್ಟೇ ಬರೆದರೆ ಸಹಿ ಮಾಡಬೇಡಿ, "ಬ್ಯಾಟರಿ ಶೇ. 60 ಇರುವಾಗ, ಬಯಾಸ್ ಪರದೆಯಲ್ಲಿ, 12 ನಿಮಿಷಕ್ಕೆ ಬಂದ್ ಆಗುತ್ತದೆ" ಎಂಬಷ್ಟು ಬಿಡಿಸಿ ಬರೆಸಿ, ಪ್ರತಿ ತೆಗೆದುಕೊಳ್ಳಿ. ಫೈಲುಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡೇ ಕೊಡಿ.

ಬದಲಿಯೂ ಇಲ್ಲ, ರಿಪೇರಿಯೂ ಆಗದು ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಮಾರಿದವರು ಬೆಂಗಳೂರಿನವರಾದರೂ ಸರಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ದೂರು ಹಾಕಲು ಇರುವ ಅವಧಿ 2 ವರ್ಷ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು: ಬಿಲ್ಲು, ಜಾಬ್ ಶೀಟ್‌ಗಳು, ಈವೆಂಟ್ ವ್ಯೂವರ್ ಫೋಟೊ, ಬ್ಯಾಟರಿ ವರದಿ, ಬಯಾಸ್ ಪರದೆಯ ವಿಡಿಯೊ ಜೊತೆಗಿರಲಿ.