ಪಾತ್ರಕ್ಕೆ ಮೊದಲು ಹುಟ್ಟಿದ ಇಸವಿ ಕೊಡಿ

ಪಾತ್ರದ ಹಿನ್ನೆಲೆ ಬರೆಯಿರಿ ಅಂದರೆ ಹೆಚ್ಚಿನವರು ಗುಣದಿಂದ ಶುರು ಮಾಡುತ್ತಾರೆ. ಮುಂಗೋಪಿ, ಒಳ್ಳೇ ಮನಸ್ಸು, ಅಪ್ಪನ ಮೇಲೆ ಸಿಟ್ಟು. ಇದನ್ನು ಓದಿ ನಟ ಏನು ಮಾಡಬೇಕು ಹೇಳಿ? ನಾನು ಹುಟ್ಟಿದ ಇಸವಿಯಿಂದ ಶುರು ಮಾಡುತ್ತೇನೆ, ಪಕ್ಕದಲ್ಲಿ ಆ ಊರಿನ ಇಸವಿಗಳನ್ನು ಬರೆದುಕೊಳ್ಳುತ್ತೇನೆ.

ಸಕಲೇಶಪುರದ ಕಡೆಯ ಒಂದು ಕಥೆಗೆ ಕಾಫಿ ತೋಟದ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನ ಪಾತ್ರ ಬೇಕಿತ್ತು. ಕಥೆ ನಡೆಯುವುದು 2019ರಲ್ಲಿ, ಆಸಾಮಿ ಹುಟ್ಟಿದ್ದು 1970. ಈಗ ಲೆಕ್ಕ ಹಾಕಿ. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಹಾಳಾಗಿ ಕಾಫಿ ರೇಟು ಗಗನಕ್ಕೇರಿತು, ಇಲ್ಲಿ ಅದೇ ಹೊತ್ತಿಗೆ ಬೆಳೆಯನ್ನು ಕಾಫಿ ಬೋರ್ಡಿಗೇ ಒಪ್ಪಿಸಬೇಕು ಅನ್ನುವ ಕಟ್ಟು ಸಡಿಲವಾಗಿ ಬೆಳೆಗಾರರು ತಾವೇ ಮಾರುವ ಹಾಗಾಗಿತ್ತು. ಇವನಿಗೆ 24 ವರ್ಷ. ಅಪ್ಪನಿಗೆ ಮೂರೆಕರೆ ತೋಟ, ಕೈಯಲ್ಲಿ ದುಡ್ಡು, ಸಾಲದ ಮೇಲೆ ಜೀಪು. 2001ರ ಹೊತ್ತಿಗೆ ರೇಟು ನೆಲಕಚ್ಚಿತು. ತೋಟ ಪಕ್ಕದ ಗೌಡರ ಪಾಲಾಯಿತು, ಇವನು ಅವರ ಹತ್ತಿರವೇ ರೈಟರ್ ಕೆಲಸಕ್ಕೆ ಸೇರಿದ. ಅಂದರೆ ತನ್ನದೇ ಆಗಿದ್ದ ಗಿಡಗಳ ಹಣ್ಣನ್ನು ದಿನಾ ಸಂಜೆ ತೂಗಿ ಬರೆಯುತ್ತಾನೆ! ಇದು ನಾನು ತಲೆ ಕೆರೆದುಕೊಂಡು ಕಂಡುಹಿಡಿದದ್ದಲ್ಲ, ಇಸವಿಗಳನ್ನು ಪಕ್ಕಪಕ್ಕ ಇಟ್ಟಾಗ ತಾನೇ ಬಂತು.

ಅಕ್ಕನ ವಿಷಯವೂ ಹಾಗೇ. ಅವಳನ್ನು ಪುತ್ತೂರಿಗೆ ಕೊಟ್ಟಿದ್ದಾರೆ. ಅಕ್ಕ-ತಮ್ಮ ಅಷ್ಟಾಗಿ ಮಾತಾಡುವುದಿಲ್ಲ, ನಿರ್ದೇಶಕರು ಆಸ್ತಿ ಜಗಳ ಇಡಿ ಅಂದರು. ಬೇಡ ಅಂದೆ. ಸಕಲೇಶಪುರದಿಂದ ಪುತ್ತೂರಿನ ಕಡೆ ಇಳಿಯುವ ಘಾಟಿಯ ರೈಲು 1996ರಲ್ಲಿ ಹಳಿ ಬದಲಿಸಲು ಅಂತ ನಿಂತಿತು, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರಲ್ಲಿ. ಬಸ್ಸಿತ್ತು ನಿಜ, ಆದರೆ ಅಮ್ಮನಿಗೆ ಶಿರಾಡಿ ತಿರುವುಗಳಲ್ಲಿ ವಾಂತಿ, ಮಗನೂ ಅದನ್ನೇ ನೆಪ ಮಾಡಿಕೊಂಡ. ಹೋಗಿಬರುವುದು ತಪ್ಪಿ ತಪ್ಪಿ ಇಬ್ಬರೂ ಬೇರೆಯವರ ಹಾಗಾದರು. ಜಗಳವೇ ಆಗದೆ ದೂರವಾದ ಸಂಬಂಧಗಳು ನಮ್ಮಲ್ಲಿ ಜಾಸ್ತಿ ಅಲ್ವಾ?

ಬರೆದಾದ ಮೇಲೆ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದರಿಂದ ಅವನು ಇವತ್ತು ಏನು ಮಾಡುತ್ತಾನೆ? ಉತ್ತರ ಇಲ್ಲದ ಸಾಲು ಎಷ್ಟೇ ಚೆನ್ನಾಗಿರಲಿ, ಹೊಡೆದುಹಾಕುತ್ತೇನೆ. ಜೀಪಿನ ಸಾಲಕ್ಕೆ ಉತ್ತರ ಸಿಕ್ಕಿತು. ಅವನು ಕಾಫಿ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ. "ರೈಟ್ರೇ, ಇವತ್ತು ರೇಟು ಎಷ್ಟಂತೆ?" ಅಂತ ಗೌಡರು ಕೇಳಿದರೆ ಫೋನನ್ನು ಅವರ ಮುಂದೆ ಹಿಡಿಯುತ್ತಾನೆ, ಅಷ್ಟೇ. ಆದರೆ ಹಣ್ಣು ತೂಗುವಾಗ ಆಳುಗಳಿಗೆ ಕೆಜಿಯನ್ನು ಎರಡು ಸಲ ಜೋರಾಗಿ ಓದಿ ಹೇಳಿಯೇ ಪುಸ್ತಕಕ್ಕೆ ಬರೆಯುವುದು. ಅಮ್ಮನ ತವರು ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ್ದು. ಹಾಸನದಲ್ಲಿ ಸೈಟು ತೋರಿಸಿದರೆ ಅವರು ರೇಟು ಕೇಳುವುದಿಲ್ಲ, ಮಳೆ ಬಂದರೆ ನೀರು ಯಾವ ಕಡೆ ಹೋಗುತ್ತೆ ಅಂತ ಕೇಳುತ್ತಾರೆ.

ನಟನಿಗೆ ಕೊಡುವುದು ಒಂದೇ ಹಾಳೆ. ಉಳಿದದ್ದು ನನ್ನ ಹತ್ತಿರವೇ ಇರುತ್ತದೆ, ಸೆಟ್ಟಿನಲ್ಲಿ ಕೇಳಿದರೆ ಹೇಳುತ್ತೇನೆ. ಎಲ್ಲ ಕೊಟ್ಟರೆ ಕೆಲವರು ಅಷ್ಟನ್ನೂ ಒಂದೇ ಶಾಟಿನಲ್ಲಿ ಮುಖದ ಮೇಲೆ ತೋರಿಸಲು ಹೋಗುತ್ತಾರೆ. ಬಟ್ಟೆಯವರಿಗೆ, ಕಲಾ ವಿಭಾಗದವರಿಗೆ ಬೇರೆ ಟಿಪ್ಪಣಿ: ಕೈಯಿಲ್ಲದ ಸ್ವೆಟರ್, ಜೇಬಿನಲ್ಲಿ ಪೆನ್ನಿನ ಜೊತೆ ಪೆನ್ಸಿಲ್ಲು. "ಇದು ನಮ್ಮದೇ ತೋಟ ಆಗಿತ್ತು" ಅನ್ನುವ ಡೈಲಾಗು ಸೇರಿಸಿ ಅಂತ ಒತ್ತಾಯ ಬಂದೇ ಬರುತ್ತದೆ. ನಾನು ಒಪ್ಪುವುದಿಲ್ಲ. ಹಿನ್ನೆಲೆ ಡೈಲಾಗಾಗಿ ಬಂತು ಅಂದರೆ ದೃಶ್ಯ ತನ್ನ ಕೆಲಸ ಮಾಡಿಲ್ಲ ಅಂತಲೇ ನನ್ನ ಲೆಕ್ಕ.

ಚಿಕ್ಕ ಪಾತ್ರಗಳಿಗೆ ಇಷ್ಟೆಲ್ಲ ಬೇಡ. ಊರು, ವಯಸ್ಸು, ಯಾರಿಗೆ ಎಷ್ಟು ಸಾಲ ಕೊಡಬೇಕು, ಇಷ್ಟು ಸಾಕು. ಎರಡೇ ದೃಶ್ಯ ಇರುವ ಜೀಪ್ ಡ್ರೈವರ್‌ಗೆ ಸುಮ್ನೆ ಪೆಟ್ರೋಲ್ ಬಂಕಿನ ಬಾಕಿ ಒಂದು ಕೊಟ್ಟೆ. ನಟ ಬಂಕು ಕಂಡ ಕೂಡಲೇ ತಾನಾಗಿ ತಲೆ ಆ ಕಡೆ ತಿರುಗಿಸಿಕೊಂಡು ಗಾಡಿ ಓಡಿಸಿದ.