ಸಿಲ್ವರ್ ಮರ: ಮೆಣಸಿಗೋ, ನಾಟಾಕ್ಕೋ?

ಕಾಫಿ ತೋಟದ ನೆರಳಿಗೆ ಸಿಲ್ವರ್ (ಸಿಲ್ವರ್ ಓಕ್) ಗಿಡ ನೆಡಲು ಗುಂಡಿ ತೆಗೆಸುವ ಮೊದಲೇ ಒಂದು ತೀರ್ಮಾನ ಆಗಿರಬೇಕು. ಈ ಮರ ಮೆಣಸಿಗೋ, ಅಂದರೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವುದಕ್ಕೋ, ಇಲ್ಲ ನಾಟಾಕ್ಕೋ, ಅಂದರೆ ಕಡಿದು ದಿಮ್ಮಿ ಮಾಡುವುದಕ್ಕೋ? ಎರಡಕ್ಕೂ ಆಗಲಿ ಎಂದು ಬಿಟ್ಟರೆ ಎರಡೂ ಕೈಗೆ ಬರುವುದಿಲ್ಲ. ಮೆಣಸಿನ ಮರದ ತಲೆಯನ್ನು ಏಣಿಗೆ ಎಟುಕುವ ಎತ್ತರದಲ್ಲೇ ತೆಗೆಯಬೇಕು. ನಾಟಾದ ಮರಕ್ಕೆ ತಲೆ ಮುಟ್ಟಲೇಬಾರದು. ಬಳ್ಳಿ ತುಂಬಿ ಕಾಯಿ ಬಿಡುತ್ತಿರುವ ಮರವನ್ನು ಯಾರೂ ಕಡಿಯುವುದಿಲ್ಲ, ಬಳ್ಳಿ ಹಬ್ಬಿದ ಬೊಡ್ಡೆಯ ಸಣ್ಣ ಕೊಂಬೆಗಳನ್ನು ಸರಿಯಾಗಿ ಸವರಲೂ ಆಗುವುದಿಲ್ಲ. ನಾನು ತೋಟದ ಒಳಗಿನ ಮರಗಳನ್ನು ಮೆಣಸಿಗೆ, ರಸ್ತೆ ಬದಿಯ ಮತ್ತು ಪಡುವಣ ಬೇಲಿಯ ಸಾಲನ್ನು ನಾಟಾಕ್ಕೆ ಎಂದು ಬೇರೆ ಮಾಡಿದ್ದೇನೆ. ನಾಟಾದ ಮರಕ್ಕೆ ಎದೆಯ ಎತ್ತರದಲ್ಲಿ ಒಂದು ಸುಣ್ಣದ ಪಟ್ಟೆ ಇರುತ್ತದೆ. ಆ ಪಟ್ಟೆ ಕಂಡರೆ ಆಳುಗಳು ಅಲ್ಲಿ ಬಳ್ಳಿ ಕಟ್ಟುವುದಿಲ್ಲ.

ಈ ಮರದ ತವರು ಪೂರ್ವ ಆಸ್ಟ್ರೇಲಿಯಾ. ಕ್ವೀನ್ಸ್‌ಲ್ಯಾಂಡಿನ ದಕ್ಷಿಣ ಭಾಗ ಮತ್ತು ನ್ಯೂ ಸೌತ್ ವೇಲ್ಸಿನ ಉತ್ತರ ಭಾಗದ ಮಳೆಕಾಡುಗಳಲ್ಲಿ, ಹೊಳೆಯ ದಡಗಳಲ್ಲಿ ತಾನಾಗಿ ಬೆಳೆಯುತ್ತದೆ. ಗ್ರೆವಿಲಿಯಾ ರೊಬಸ್ಟಾ ಎಂಬ ಹೆಸರಿನಲ್ಲಿ ಇದರ ವಿವರಣೆ ಅಚ್ಚಾದದ್ದು 1830ರಲ್ಲಿ. ಓಕ್ ಜಾತಿಗೂ ಇದಕ್ಕೂ ಸಂಬಂಧವಿಲ್ಲ. ಮೆಕಡೇಮಿಯ ಬೀಜದ ಮರ ಇದರ ನೆಂಟ, ಎರಡೂ ಪ್ರೋಟಿಯೇಸಿ ಕುಟುಂಬದವು. ಎಲೆ ಮಗುಚಿ ನೋಡಿದರೆ ಅಡಿಭಾಗದಲ್ಲಿ ರೇಷ್ಮೆಯಂಥ ಬಿಳಿ ರೋಮ ಕಾಣುತ್ತದೆ, ಸಿಲ್ವರ್ ಎಂಬ ಹೆಸರು ಅದರಿಂದ. 19ನೇ ಶತಮಾನದಲ್ಲಿ ಚಹಾ, ಕಾಫಿ ತೋಟದ ನೆರಳಿಗೆಂದು ಸಿಂಹಳಕ್ಕೂ ದಕ್ಷಿಣ ಭಾರತಕ್ಕೂ ಬಂದ ಮರ ಇದು.

ಆ ಕುಟುಂಬದ ಒಂದು ಗುಣ ನಮಗೆ ನೇರವಾಗಿ ಬೇಕಾದದ್ದು. ಪಕ್ಕಬೇರುಗಳ ಮೇಲೆ ಅಲ್ಲಲ್ಲಿ ಬಾಟಲಿ ತೊಳೆಯುವ ಬ್ರಶ್ಶಿನ ಹಾಗೆ ಒತ್ತೊತ್ತಾಗಿ ಸಣ್ಣ ಬೇರಿನ ಗೊಂಚಲು ಬರುತ್ತದೆ. ಬಡ ಮಣ್ಣಿನಿಂದ ರಂಜಕವನ್ನು ಹೀರಿಕೊಳ್ಳುವುದು ಈ ಗೊಂಚಲು. ರಂಜಕ ಧಾರಾಳವಾಗಿ ಸಿಕ್ಕಿದರೆ ಗಿಡ ಈ ಬೇರನ್ನು ಕಡಿಮೆ ಮಾಡಿಬಿಡುತ್ತದೆ. ಹಾಗಾಗಿ ನರ್ಸರಿ ಚೀಲಕ್ಕೆ ಡಿಎಪಿ ಆಗಲಿ, ಸೂಪರ್ ಫಾಸ್ಫೇಟ್ ಆಗಲಿ ಹಾಕಬೇಡಿ. ಕಾಫಿ ಸಸಿಗೆ ಮಾಡಿದ ಮಿಶ್ರಣ ಉಳಿದಿದೆ ಎಂದು ಅದನ್ನೇ ತುಂಬುವುದು ಸಾಮಾನ್ಯವಾಗಿ ಆಗುವ ತಪ್ಪು. ಎರಡು ಪಾಲು ಕಾಡುಮಣ್ಣು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಇಷ್ಟೇ ಸಾಕು.

ಬೀಜಕ್ಕೆ ನೆಟ್ಟಗೆ, ಕವಲಿಲ್ಲದೆ ಬೆಳೆದ ಮರ ಆರಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಕಿತ್ತಳೆ ಬಣ್ಣದ ಬಾಚಣಿಗೆಯಂಥ ಹೂವು ಬಂದು ಸುಮಾರು ಎರಡು ತಿಂಗಳಿಗೆ ಕಾಯಿ ಬಲಿಯುತ್ತದೆ. ಕಾಯಿ ಕಂದಾದ ಮೇಲೆ ಬಿರಿದು, ರೆಕ್ಕೆಯಿರುವ ತೆಳು ಬೀಜ ಗಾಳಿಗೆ ಹಾರಿಹೋಗುತ್ತದೆ. ಗೊಂಚಲಿನಲ್ಲಿ ಒಂದೆರಡು ಕಾಯಿ ಬಿರಿದದ್ದು ಕಂಡ ದಿನವೇ ಗೊಂಚಲು ಕೊಯ್ಸಿ, ಟಾರ್ಪಾಲಿನ ಮೇಲೆ ನೆರಳಿನಲ್ಲಿ ಹರಡಿ. ಎರಡು ಮೂರು ದಿನದಲ್ಲಿ ಬೀಜ ತಾನಾಗಿ ಉದುರುತ್ತದೆ. ಒಂದು ಕಿಲೋಗೆ ಕಡಿಮೆಯೆಂದರೂ 65 ಸಾವಿರ ಬೀಜ ಇರುತ್ತವೆ, ಒಂದು ತೋಟಕ್ಕೆ 50 ಗ್ರಾಂ ಬೇಕಾದಷ್ಟಾಯಿತು. ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿಟ್ಟು ಡಿಸೆಂಬರಿನಲ್ಲಿ ಬಿತ್ತುತ್ತೇನೆ. 24 ಗಂಟೆ ತಣ್ಣೀರಿನಲ್ಲಿ ನೆನೆಸಿ, ಮರಳಿನ ಮಡಿಯ ಮೇಲೆ ಬೀಜವನ್ನು ಚಪ್ಪಟೆಯಾಗಿ ಮಲಗಿಸಿ, ಅರ್ಧ ಸೆಂಟಿಮೀಟರ್ ಮರಳು ಉದುರಿಸಿದರೆ ಆಯಿತು. ಮೊಳಕೆಗೆ ಮೂರರಿಂದ ನಾಲ್ಕು ವಾರ ಬೇಕು. ಎರಡು ಜೊತೆ ಎಲೆ ಬಂದಾಗ ಚೀಲಕ್ಕೆ ದಾಟಿಸಬೇಕು. ಆ ಹೊತ್ತಿಗೆ ನೀರು ಹೆಚ್ಚಾದರೆ ಬುಡ ಕಪ್ಪಾಗಿ ಸಸಿ ಸಾಲಾಗಿ ಮಲಗಿಬಿಡುತ್ತದೆ. ಬೆಳಿಗ್ಗೆ ಒಂದೇ ಸಲ ನೀರು ಕೊಡಿ, ಸಂಜೆ ಬೇಡ.

ಜೂನ್ ಹೊತ್ತಿಗೆ 30ರಿಂದ 45 ಸೆಂಟಿಮೀಟರ್ ಎತ್ತರದ ಗಿಡ ನೆಡಲು ಸರಿಯಾಗಿರುತ್ತದೆ. ಹಳೆಯ ಚೀಲದ ದೊಡ್ಡ ಗಿಡ ಅಗ್ಗಕ್ಕೆ ಸಿಕ್ಕರೂ ತರಬಾರದು. ಅದರ ತಾಯಿಬೇರು ಚೀಲದ ತಳದಲ್ಲಿ ಸುತ್ತಿಕೊಂಡಿರುತ್ತದೆ. ಅಂಥ ಮರ ಏಳೆಂಟು ವರ್ಷ ಚೆನ್ನಾಗಿಯೇ ಬೆಳೆದು, ಜೋರು ಮಳೆಗಾಳಿಯ ಒಂದು ರಾತ್ರಿ ಬುಡಸಮೇತ ಕಾಫಿಯ ಮೇಲೆ ಮಲಗುತ್ತದೆ. ಕಿತ್ತ ಬುಡ ನೋಡಿದರೆ ಬೇರು ಚಕ್ಕುಲಿಯ ಹಾಗೆ ಸುತ್ತಿರುವುದು ಕಾಣುತ್ತದೆ.

ಅಂತರ ಲೆಕ್ಕ ಹಾಕುವುದು ಸುಲಭ. ರೊಬಸ್ಟಾ ಕಾಫಿ 10 ಅಡಿಗೆ 10 ಅಡಿ ಇದ್ದರೆ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ, ನಾಲ್ಕು ಕಾಫಿ ಗಿಡದ ನಡುಮಧ್ಯಕ್ಕೆ ಒಂದರಂತೆ 20 ಅಡಿಗೆ 20 ಅಡಿ ನೆಟ್ಟರೆ ಎಕರೆಗೆ 108 ಮರ ಕೂರುತ್ತವೆ. ಅಷ್ಟನ್ನೂ ಸಿಲ್ವರ್ ಮಾಡಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಸಿಲ್ವರ್ ಎಲೆ ದಪ್ಪ, ಕೊಳೆಯುವುದು ನಿಧಾನ, ಹಾಲುವಾಣದ ಎಲೆಯ ಹಾಗೆ ಸಾರಜನಕ ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಹೂವಿಗೆ ಮುಂಚೆ, ಬಿಸಿಲು ಏರುವ ಹೊತ್ತಿಗೇ ಇದು ಎಲೆ ಉದುರಿಸುತ್ತದೆ. ಕಾಫಿಗೆ ನೆರಳು ಬೇಕೇ ಬೇಕು ಎನ್ನುವಾಗ ಮೇಲೆ ಬರೀ ಕಡ್ಡಿ ಕಾಣುತ್ತದೆ. ಅರೇಬಿಕಾ ಕಾಫಿಯಲ್ಲಿ ಹೀಗೆ ಬಯಲಾದ ಕಡೆ ಬಿಳಿ ಕಾಂಡಕೊರಕ ಹೆಚ್ಚುತ್ತದೆ. ಅತ್ತಿ, ಹಲಸು, ನಂದಿ, ಹೊನ್ನೆ ಇರುವ ಕಡೆ ಅವನ್ನು ಹಾಗೇ ಉಳಿಸಿ, ಖಾಲಿ ಜಾಗಕ್ಕೆ ಮಾತ್ರ ಸಿಲ್ವರ್ ತರುವುದು ನನ್ನ ಪದ್ಧತಿ. ಎಕರೆಗೆ 50 ದಾಟಿಸಿಲ್ಲ.

ಒಳ್ಳೆಯ ಜಾಗದಲ್ಲಿ ಮೊದಲ ವರ್ಷಗಳಲ್ಲಿ ಗಿಡ ವರ್ಷಕ್ಕೆ ಎರಡು ಮೀಟರ್ ಏರುತ್ತದೆ. ಎರಡು ತುದಿ ಬಂದಿದ್ದರೆ ಒಂದನ್ನು ಮೊದಲ ವರ್ಷವೇ ತೆಗೆಯಿರಿ. ಹಾಗೇ ಬಿಟ್ಟರೆ ಮರ ದಪ್ಪವಾದ ಮೇಲೆ ಆ ಕವಲಿನಲ್ಲೇ ಸೀಳುತ್ತದೆ.

ಇನ್ನು ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ. ಸಿಲ್ವರ್ ಮರದಲ್ಲಿ ಲಾಭ ನಷ್ಟ ಎರಡೂ ಇಲ್ಲಿಯೇ ಇವೆ. ಕಾಫಿ ಹೂ ಅರಳಿಸುವ ಹೂಮಳೆಯೂ ಅದರ ಬೆನ್ನಿಗೇ ಬರುವ ಮಳೆಯೂ ಆದ ಮೇಲೆ, ಮುಂಗಾರು ಹಿಡಿಯುವ ಮುನ್ನ, ಅಂದರೆ ಏಪ್ರಿಲ್ ಕೊನೆಯಿಂದ ಮೇ ಒಳಗೆ ಮಾಡಿ ಮುಗಿಸಬೇಕು. ತಡವಾದರೆ ಮಳೆಗಾಲದ ಮೋಡದಲ್ಲಿ ತೋಟದೊಳಗೆ ಬೆಳಕಿಲ್ಲದೆ ಕಾಫಿಗೆ ಕೊಳೆರೋಗ ಬರುತ್ತದೆ. ಬೇಗ ಮಾಡಿದರೆ ಬಿಸಿಲು ನೇರವಾಗಿ ಕಾಫಿ ನೆತ್ತಿಗೆ ಬೀಳುತ್ತದೆ. ಎಳೆಯ ಗಿಡದಲ್ಲಿ ಕೆಳಗಿನ ಮೂರನೇ ಒಂದು ಭಾಗದ ಕೊಂಬೆ ಮಾತ್ರ ತೆಗೆಯಬೇಕು. ದೊಡ್ಡ ಮರದಲ್ಲೂ ತುದಿಯಲ್ಲಿ ಎಂಟು ಹತ್ತು ಅಡಿ ಹಸಿರು ಉಳಿಯಲೇಬೇಕು. ಕೂಲಿ ಮರದ ಲೆಕ್ಕಕ್ಕೆ ಮಾತಾಡಿದ್ದರೆ ಕೊಂಬೆಯೆಲ್ಲ ಸವರಿ ಪೊರಕೆ ಮಾಡಿ ಇಳಿಯುವವರಿದ್ದಾರೆ. ಅಂಥ ಮರದ ತೊಗಟೆ ಬಿಸಿಲಿಗೆ ಸಿಡಿದು, ಬಿರುಕಿನಿಂದ ಅಂಟು ಸುರಿದು, ಅಲ್ಲಿಂದ ಕೊಳೆ ಹತ್ತುತ್ತದೆ. ನಾನು ದಿನಗೂಲಿಗೇ ಮಾಡಿಸುವುದು.

ಕೊಯ್ಯುವ ಕ್ರಮವನ್ನು ಒಂದು ಕೊಂಬೆಯ ಮಟ್ಟಿಗೆ ಹೇಳುತ್ತೇನೆ. ಬೊಡ್ಡೆಯಿಂದ ಒಂದು ಅಡಿ ದೂರದಲ್ಲಿ ಮೊದಲು ಕೊಂಬೆಯ ಅಡಿಭಾಗಕ್ಕೆ ಗರಗಸದಿಂದ ಮೂರನೇ ಒಂದು ಭಾಗದಷ್ಟು ಕೊಯ್ದುಕೊಳ್ಳಬೇಕು. ಆಮೇಲೆ ಅದಕ್ಕಿಂತ ಎರಡು ಇಂಚು ಆಚೆ ಮೇಲಿನಿಂದ ಕೊಯ್ದರೆ ಕೊಂಬೆ ಸದ್ದಿಲ್ಲದೆ ಮುರಿದು ಬೀಳುತ್ತದೆ. ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ ನಯವಾಗಿ ತೆಗೆಯಬೇಕು. ಆ ಉಬ್ಬಿಗೆ ಗರಗಸ ತಗಲಬಾರದು, ಗಾಯ ಮುಚ್ಚುವ ತೊಗಟೆ ಹುಟ್ಟುವುದು ಅಲ್ಲಿಂದಲೇ. ಕೆಳಗಿನ ಕೊಯ್ತ ಮರೆತು ಮೇಲಿನಿಂದ ಕತ್ತಿ ಬೀಸಿದರೆ ಕೊಂಬೆಯ ಭಾರಕ್ಕೆ ತೊಗಟೆ ಎರಡು ಮೂರು ಅಡಿ ಉದ್ದಕ್ಕೆ ಸಿಗಿದು ಬರುತ್ತದೆ, ಅದರ ಜೊತೆ ಮೆಣಸಿನ ಬಳ್ಳಿಯೂ ಕಿತ್ತು ಬರುತ್ತದೆ. ಮೋಟು ಬಿಟ್ಟರೆ ಅದು ಸತ್ತು, ಅದರ ಸುತ್ತ ಮರ ಬೆಳೆದು, ಹಲಗೆಯಲ್ಲಿ ಉದುರುವ ಕರಿ ಗಂಟಾಗುತ್ತದೆ.

ಮೆಣಸಿನ ಮರದ ತಲೆ ತೆಗೆಯುವುದು 30 ಅಡಿಯಲ್ಲಿ. ಆ ಎತ್ತರದಲ್ಲಿ ಬೊಡ್ಡೆ ಮಣಿಕಟ್ಟಿನ ದಪ್ಪ ಇರುವಾಗಲೇ ತೆಗೆದರೆ ಗಾಯ ಬೇಗ ಮುಚ್ಚುತ್ತದೆ. ತೊಡೆ ದಪ್ಪವಾದ ಮೇಲೆ ತೆಗೆದರೆ ಮಳೆನೀರು ನಿಂತು ಕೊಳೆ ಒಳಗೆ ಇಳಿಯುತ್ತದೆ. ಕೊಯ್ತ ಓರೆಯಾಗಿರಲಿ. ಚಿಗುರು ಗುಂಪಾಗಿ ಒಡೆಯುತ್ತದೆ, ಎರಡನ್ನು ಉಳಿಸಿ ಮಿಕ್ಕಿದ್ದು ಉಜ್ಜಿಬಿಡಿ. ಬುಡಕ್ಕೆ ಕಡಿದ ದೊಡ್ಡ ಮರ ಮಾತ್ರ ಕೂಳೆಯಿಂದ ಸರಿಯಾಗಿ ಚಿಗುರುವುದಿಲ್ಲ, ಅದನ್ನು ನಂಬಿಕೊಳ್ಳಬಾರದು.

ಮೂರನೇ ಮಳೆಗಾಲಕ್ಕೆ ಬಳ್ಳಿ ಏರಿಸಬಹುದು. ಮರದ ಉತ್ತರ ಬದಿಯಲ್ಲಿ ಬುಡದಿಂದ ಒಂದು ಅಡಿ ದೂರಕ್ಕೆ ಒಂದೂವರೆ ಅಡಿ ಗುಂಡಿ, ಅದಕ್ಕೆ ಮೇಲ್ಮಣ್ಣು, ಐದು ಕಿಲೋ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ, 50 ಗ್ರಾಂ ಟ್ರೈಕೋಡರ್ಮ (ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರ). ಬೇರು ಬಂದ ಎರಡು ಅಥವಾ ಮೂರು ಬಳ್ಳಿ ಸಾಕು. ಉತ್ತರವೇ ಏಕೆಂದರೆ ಚಳಿಗಾಲದಿಂದ ಮಾರ್ಚಿನವರೆಗೆ ನಮ್ಮಲ್ಲಿ ಬಿಸಿಲು ದಕ್ಷಿಣದಿಂದ ಬೀಳುತ್ತದೆ, ಬೊಡ್ಡೆಯೇ ಎಳೆ ಬಳ್ಳಿಗೆ ನೆರಳಾಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಸೂರ್ಯ ಉತ್ತರಕ್ಕೆ ಸರಿದಿದ್ದರೂ ಆಗ ಮೋಡ ಇರುತ್ತದೆ. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಬೇಕು. ಸೊರಗು ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತ 50 ಲೀಟರಿನಲ್ಲಿ, ಒಂದು ಕಿಲೋ ಸುಟ್ಟ ಸುಣ್ಣ ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಉಜ್ಜಿದ ಚಾಕು ಅದ್ದಿ ತೆಗೆದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು. ಮುಂಗಾರಿಗೆ ಮುಂಚೆ ಒಮ್ಮೆ, ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಹೊಡೆಯುತ್ತೇನೆ.

ಕುಯ್ಲಿಗೆ ಅಲ್ಯೂಮಿನಿಯಂ ಏಣಿ ಹಗುರ, ಆದರೆ ವಿದ್ಯುತ್ ತಂತಿ ಹಾದ ಕಡೆ ಅದು ಪ್ರಾಣಕ್ಕೇ ಅಪಾಯ. 30 ಅಡಿಯ ಏಣಿಯನ್ನು ಒಂದು ಮರದಿಂದ ಇನ್ನೊಂದಕ್ಕೆ ನಿಲ್ಲಿಸಿಕೊಂಡೇ ಸಾಗಿಸುವಾಗ ಒಂದು ಕ್ಷಣ ವಾಲಿದರೆ ಸಾಕು. ತಂತಿಯ ಎರಡೂ ಬದಿಯ ಎರಡೆರಡು ಸಾಲಿಗೆ ಬಳ್ಳಿಯನ್ನೇ ಹಬ್ಬಿಸಬೇಡಿ.

ನಾಟಾದ ಮರಕ್ಕೆ 20ರಿಂದ 25 ವರ್ಷ ಕಾಯಬೇಕು. ಕಡಿಯುವುದು ಕಾಫಿ ಕುಯ್ಲು ಮುಗಿದ ಮೇಲೆ, ಹೂಮಳೆಗೆ ಮುಂಚೆ. ವ್ಯಾಪಾರಿ ಬಂದಾಗ ಟೇಪು ನಿಮ್ಮ ಕೈಯಲ್ಲೂ ಇರಲಿ. ಲೆಕ್ಕ ಹೀಗೆ: ದಿಮ್ಮಿಯ ನಡುವಿನ ಸುತ್ತಳತೆ ಇಂಚಿನಲ್ಲಿ ತೆಗೆದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ. ನಡುವಿನಲ್ಲಿ 48 ಇಂಚು, ಉದ್ದ 20 ಅಡಿ ಇದ್ದರೆ 12 ಗುಣಿಸು 12 ಗುಣಿಸು 20, ಭಾಗಿಸು 144, ಅಂದರೆ 20 ಘನ ಅಡಿ. ಅದೇ ದಿಮ್ಮಿಯನ್ನು ತುದಿಯ 40 ಇಂಚಿಗೆ ಅಳೆದರೆ 14 ಕೂಡ ಆಗುವುದಿಲ್ಲ. ಟೇಪು ಎಲ್ಲಿ ಸುತ್ತಿದರು ಎಂಬುದರಲ್ಲೇ ಆರು ಘನ ಅಡಿ ಹೋಯಿತು. ಜೊತೆಗೆ ಈ ಕಾಲು ಸುತ್ತಳತೆಯ ಲೆಕ್ಕ ದುಂಡು ದಿಮ್ಮಿಯ ನಿಜವಾದ ಗಾತ್ರಕ್ಕಿಂತ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಕಡಿಮೆ ತೋರಿಸುತ್ತದೆ, ನಮ್ಮ ಈ ದಿಮ್ಮಿಯಲ್ಲಿ ನಿಜಕ್ಕೂ 25 ಘನ ಅಡಿ ಮರ ಇದೆ. ಆದ್ದರಿಂದ ತೊಗಟೆಗೆಂದು ಅಂದಾಜಿನ ಕಡಿತ ಕೇಳಿದರೆ ಒಪ್ಪಬೇಡಿ, ನಡುವಿನಲ್ಲಿ ಒಂದು ಗೇಣು ತೊಗಟೆ ಸುಲಿದು ಅಲ್ಲೇ ಅಳೆಯಿರಿ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಸಿಲ್ವರ್ ಇದೆ. ಆದರೂ ಜಾಗದ ಹಕ್ಕುಪತ್ರದ ಬಗೆ ಮತ್ತು ಸಾಗಾಟದ ನಿಯಮವನ್ನು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡೇ ಲಾರಿ ಕರೆಸಿ.

ಮನೆಗೆ ಹಲಗೆ ಬೇಕಿದ್ದರೆ ಕಡಿದ ವಾರದೊಳಗೆ ಸೀಳಿಸಬೇಕು. ದಿಮ್ಮಿ ಬಿಸಿಲಲ್ಲಿ ಬಿದ್ದಿದ್ದರೆ ಹುಳ ಹತ್ತುತ್ತದೆ, ತುದಿ ಒಡೆಯುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ನೇರವಾಗಿ ಸೀಳಿಸಿದ ಹಲಗೆಯಲ್ಲಿ ರೇಷ್ಮೆ ಚುಕ್ಕಿಯಂಥ ಹೊಳಪು ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಪೀಠೋಪಕರಣಕ್ಕೂ ಕಿಟಕಿಯ ಚೌಕಟ್ಟಿಗೂ ಇದನ್ನು ಬಳಸುತ್ತಿದ್ದರು. ನಮ್ಮಲ್ಲಿ ಹೆಚ್ಚಿನದು ಪ್ಲೈವುಡ್ಡಿಗೂ ಪೆಟ್ಟಿಗೆಗೂ ಹೋಗುತ್ತದೆ. ಕಪಾಟಿನ ಒಳಹಲಗೆ, ಮಂಚ, ಬಾಗಿಲಿನ ಫಲಕಕ್ಕೆ ಚೆನ್ನ. ನೆಲಕ್ಕೆ ಹೂಳುವ ಕಂಬಕ್ಕೆ ಬೇಡ, ಗೆದ್ದಲು ಬಿಡುವುದಿಲ್ಲ. ಮರಗೆಲಸದವರಿಗೆ ಮೊದಲೇ ಹೇಳಿ: ಇದರ ಹೊಟ್ಟು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಮೊಣಕೈ ಮಡಿಕೆಯಲ್ಲಿ, ಕುತ್ತಿಗೆಯಲ್ಲಿ ತುರಿಕೆಯ ಗುಳ್ಳೆ ಏಳುತ್ತವೆ. ತುಂಬು ತೋಳಿನ ಅಂಗಿ, ಮೂಗಿಗೆ ಬಟ್ಟೆ, ಕೆಲಸ ಮುಗಿದ ಕೂಡಲೇ ಸೋಪಿನ ಸ್ನಾನ ಬೇಕು.

ಕಡಿದ ಜಾಗಕ್ಕೆ ಮತ್ತೆ ಸಿಲ್ವರ್ ಇಡುವವರಿಗೆ ಒಂದು ಮಾತು. ತವರಿನ ಮಳೆಕಾಡಿನಲ್ಲಿ ಈ ಮರದಡಿ ಇದರದ್ದೇ ಸಸಿ ಏಳುವುದಿಲ್ಲ. ಜೀವಂತ ಬೇರಿನ ಬಳಿಯ ಯಾವುದೋ ವಸ್ತು ಸ್ವಜಾತಿಯ ಸಸಿಗೆ ವಿಷವಾಗುತ್ತದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 1967ರಲ್ಲಿ ಪ್ರಕಟಿಸಿದರು. ತೋಟದಲ್ಲೂ ಸುತ್ತ ದೊಡ್ಡ ಸಿಲ್ವರ್‌ಗಳಿರುವ ಸಂದಿಗೆ ನೆಟ್ಟ ಸಸಿ ಸೊರಗುವುದನ್ನೇ ಕಂಡಿದ್ದೇನೆ. ಅಂಥ ಸಂದಿಗೆ ಹಲಸಿನ ಸಸಿ ಇಟ್ಟು, ಅದು ತಲೆಯೆತ್ತುವವರೆಗೆ ಪಕ್ಕದಲ್ಲೊಂದು ಹಾಲುವಾಣದ ಗೂಟ ಊರುತ್ತೇನೆ. ಹಲಸು ಆಳೆತ್ತರ ದಾಟಿದ ಮೇಲೆ ಅದಕ್ಕೂ ಬಳ್ಳಿ ಕಟ್ಟಬಹುದು.