ವೃತ್ತದ ಸ್ಪರ್ಶಕ, ಅಡಿಕೆ ಮರದ ಎತ್ತರ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ವೃತ್ತದ ಪಾಠಕ್ಕೆ ಬಂದರೆ ಸ್ಪರ್ಶಕ, ತ್ರಿಕೋನಮಿತಿಗೆ ಬಂದರೆ ಟ್ಯಾನ್. ಒಂದು, ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆ. ಇನ್ನೊಂದು, ಲಂಬಕೋನ ತ್ರಿಭುಜದಲ್ಲಿ ಕೋನದ ಎದುರಿನ (ಅಭಿಮುಖ) ಬಾಹುವನ್ನು ಪಕ್ಕದ (ಪಾರ್ಶ್ವ) ಬಾಹುವಿನಿಂದ ಭಾಗಿಸಿದ್ದು. ಎರಡಕ್ಕೂ ಟ್ಯಾಂಜೆಂಟ್ ಅನ್ನೋದು ಯಾಕೆ ಅಂತ ಮಕ್ಕಳು ಕೇಳಲ್ಲ, ಪರೀಕ್ಷೆಗೂ ಬರಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಎರಡನ್ನೂ ಒಂದೇ ಚಿತ್ರದಲ್ಲಿ ಕೂರಿಸಿ ಪಾಠ ಮಾಡ್ತೀನಿ.

ಡ್ರಾಯಿಂಗ್ ಹಾಳೆಯಲ್ಲಿ 10 ಸೆಂ.ಮೀ. ತ್ರಿಜ್ಯದ ವೃತ್ತ. ಅದರ ಬಲತುದಿಯಲ್ಲಿ ನೆಟ್ಟಗೆ ಮೇಲಕ್ಕೆ ಒಂದು ಸ್ಪರ್ಶಕ. ತ್ರಿಜ್ಯಕ್ಕೆ ಸ್ಪರ್ಶಕ ಲಂಬ ಅನ್ನುವ ಪ್ರಮೇಯ ಇಲ್ಲಿ ಕೆಲಸಕ್ಕೆ ಬರುತ್ತೆ. ಕೇಂದ್ರದಿಂದ 40 ಡಿಗ್ರಿಗೆ ಗೆರೆ ಎಳೆದು ಸ್ಪರ್ಶಕಕ್ಕೆ ಮುಟ್ಟಿಸಿದರೆ, ಸ್ಪರ್ಶಕದ ಮೇಲೆ ಸಿಗುವ ತುಂಡು 8.4 ಸೆಂ.ಮೀ. ಹತ್ತರಿಂದ ಭಾಗಿಸಿ: 0.84. ಅದೇ ಟ್ಯಾನ್ 40. 45ಕ್ಕೆ ಸರಿಯಾಗಿ 10 ಸೆಂ.ಮೀ., 60ಕ್ಕೆ 17.3. ಪುಸ್ತಕದ ಮೂರರ ವರ್ಗಮೂಲ ಅಳತೆಪಟ್ಟಿಯ ಮೇಲೇ ಸಿಕ್ಕಿತಲ್ಲ! 80ಕ್ಕೆ 56.7, ಹಾಳೆ ಸಾಲದೆ ನೆಲದ ಮೇಲೆ ಸೀಮೆಸುಣ್ಣ ಹಿಡೀಬೇಕು. 90ಕ್ಕೆ ಎರಡು ಗೆರೆಯೂ ಸಮಾಂತರ, ಸೇರೋದೇ ಇಲ್ಲ. 'ವ್ಯಾಖ್ಯಾನಿಸಿಲ್ಲ' ಅಂತ ಉರುಹೊಡೆಸುವ ಅಗತ್ಯ ಅಲ್ಲಿಗೆ ಮುಗೀತು.

ಈ ತುಂಡಿಗೆ ಟ್ಯಾಂಜೆಂಟ್ ಅಂತ ಹೆಸರಿಟ್ಟಿದ್ದು ಡೆನ್ಮಾರ್ಕಿನ ಥಾಮಸ್ ಫಿಂಕೆ, 1583ರಲ್ಲಿ. ಟ್ಯಾನ್ ಬೆಲೆಗಳ ಕೋಷ್ಟಕ ಅದಕ್ಕೂ ಹಳೆಯದು. ಹತ್ತನೇ ಶತಮಾನದಲ್ಲೇ ಬಾಗ್ದಾದಿನ ಅಬುಲ್ ವಫಾ ಮಾಡಿದ್ದ. ಮಾತು ವಿಷಯ ಬಿಟ್ಟು ಹಾರಿದರೂ ಇಂಗ್ಲಿಷಿನವರು ಟ್ಯಾಂಜೆಂಟ್ ಹಿಡೀತು ಅಂತಾರೆ. ಕವಣೆ ಬಿಟ್ಟ ಕಲ್ಲು ಹೊರಡೋದೂ ಆ ಗೆರೆಯಲ್ಲೇ. ನಾನೂ ಹಾರಿದೆ, ಅಡಿಕೆ ತೋಟಕ್ಕೆ ಬರೋಣ.

ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯೋಕೆ ಈಗ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ. ಎಷ್ಟು ಅಡಿಯದ್ದು ತಗೊಳ್ಳೋದು ಅನ್ನೋದೇ ಪ್ರಶ್ನೆ. "ಮರ ಹತ್ತದೆ ಎತ್ತರ ಹೇಳಿ ಮೇಷ್ಟ್ರೇ, ಆಮೇಲೆ ನಿಮ್ಮ ಗಣಿತ ನಂಬ್ತೀನಿ ಮಾರಾಯ್ರೆ" ಅಂದರು ಒಬ್ಬ ಹುಡುಗನ ಅಪ್ಪ. ಕೋನಮಾಪಕದ ನೇರ ಅಂಚಿಗೆ ಜ್ಯೂಸ್ ಕುಡಿಯುವ ಕೊಳವೆ ಅಂಟಿಸಿ, ನಡುಬಿಂದುವಿನಿಂದ ನೂಲಿಗೆ ಒಂದು ನಟ್ ಕಟ್ಟಿ ಇಳಿಬಿಟ್ಟೆವು. ಕೊಳವೆಯಲ್ಲಿ ಮರದ ತುದಿಯ ಸುಳಿ ನೋಡುವಾಗ ನೂಲು 40ರ ಮೇಲೆ ನಿಂತರೆ ಉನ್ನತ ಕೋನ (ಮಟ್ಟದಿಂದ ಮೇಲಕ್ಕೆ ನೋಡುವ ಕೋನ) 50, ತೊಂಬತ್ತರಿಂದ ಕಳೀಬೇಕು.

ಪುಸ್ತಕದ ಲೆಕ್ಕದಲ್ಲಿ ನೆಲ ಸಮತಟ್ಟು. ನಮ್ಮ ತೋಟ ಇರೋದು ಕಣಿವೆಯಲ್ಲಿ, ನಾವು ನಿಂತಿದ್ದು ಧರೆಯ, ಅಂದರೆ ತೋಟದ ಅಂಚಿನ ದಿಬ್ಬದ, ಮೇಲೆ. ಹಾಗಾಗಿ ಕೋನ ಎರಡು: ಸುಳಿಗೆ ಮೇಲಕ್ಕೆ 50, ಬುಡಕ್ಕೆ ಕೆಳಕ್ಕೆ 15. ದೂರವನ್ನು ಇಳಿಜಾರಿನ ಮೇಲೆ ಅಳೆಯಬಾರದು, ಹಗ್ಗ ಮಟ್ಟವಾಗಿ ಹಿಡೀಬೇಕು. ಅದು 10 ಮೀಟರ್ ಬಂತು. ಟ್ಯಾನ್ 50 ಅಂದರೆ 1.19, ಟ್ಯಾನ್ 15 ಅಂದರೆ 0.27. ಕೂಡಿಸಿ ಹತ್ತರಿಂದ ಗುಣಿಸಿದರೆ 14.6 ಮೀಟರ್, ಹತ್ತಿರ ಹತ್ತಿರ 48 ಅಡಿ. ಕಣ್ಣಿನ ಎತ್ತರ ಬೇರೆ ಸೇರಿಸೋದು ಬೇಡ, ಕೆಳಗಿನ ಕೋನದಲ್ಲೇ ಬಂದಿರುತ್ತೆ.

ಬುಡದ ಹತ್ತಿರ ನಿಂತು ಅಳೆಯಬೇಡಿ, ಅಲ್ಲಿ ಕೋನ ತುಂಬ ದೊಡ್ಡದಾಗುತ್ತೆ. ಯಾಕೆ ಅಂತ ಆ ಹಾಳೆಯೇ ಹೇಳುತ್ತೆ: 50ರಿಂದ 51ಕ್ಕೆ ಹೋದರೆ ತುಂಡು ಬೆಳೆಯೋದು 4 ಮಿ.ಮೀ., 79ರಿಂದ 80ಕ್ಕೆ 5 ಸೆಂ.ಮೀ. ದಾಟುತ್ತೆ. ನೂಲು ಅಲ್ಲಾಡಿ ಒಂದು ಡಿಗ್ರಿ ಆಚೀಚೆ ಆಗೋದು ಇದ್ದಿದ್ದೇ. ಗಾಳಿಯಿಲ್ಲದ ಬೆಳಗಿನ ಹೊತ್ತು ನೋಡಿ ಹೋಗಿ, ಸುಳಿಯೂ ತೂಗಾಡಲ್ಲ.